ಬ್ರೆಡ್ಡು ಬೇಯಿಸುವ ಹಾಡು

ನಮ್ಮ ಸೋದರಮಾವನ ಬೇಕರಿಯಲ್ಲಿ ಗಡಿಯಾರ ಇದೆ, ಆದರೆ ಮಾವ ಅದರ ಕಡೆ ನೋಡುವುದಿಲ್ಲ. ಬ್ರೆಡ್ಡಿನ ಅಚ್ಚುಗಳನ್ನು ಒಲೆಗೆ ತಳ್ಳಿ, ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಹಾಡು ಹಚ್ಚಿ, ಉದ್ದ ತಂತಿಯ ಹೆಡ್‌ಫೋನ್ ಕಿವಿಗೇರಿಸುತ್ತಾರೆ. ಪಟ್ಟಿಯ ಕೊನೆಯ ಹಾಡು ಮುಗಿದರೆ ಬ್ರೆಡ್ಡು ಬೆಂದಂತೆ.

"ಗಡಿಯಾರಕ್ಕಾದ್ರೆ ತಲೆ ಎತ್ತಬೇಕು. ಹಾಡಿಗೆ ಕಿವಿ ಸಾಕಲ್ವಾ?" ಎಂದು ವಾದ ಬೇರೆ. ವಾದದಲ್ಲಿ ಅವರನ್ನು ಸೋಲಿಸುವುದು ಗಲ್ಲಾದಲ್ಲಿ ಕೂರುವ ಅತ್ತೆ ಒಬ್ಬರಿಗೇ ಸಾಧ್ಯ.

ಮೈದಾ ಧೂಳು ಕುಡಿದು ಕುಡಿದು ಕಂಪ್ಯೂಟರ್ ಆಗಾಗ ತಾನೇ ಆರಿಹೋಗತೊಡಗಿತು. ಹಾಡುಗಳನ್ನು ಮಾವನ ಫೋನಿಗೆ ಸಾಗಿಸುವ ಕೆಲಸ ನನ್ನ ತಲೆಗೆ ಬಂತು. ಕೇಬಲ್ ಸಿಕ್ಕಿಸಿ ಸಿಂಕ್ ಒತ್ತಿದೆ. ಮುಗಿಯಿತು ಎಂದು ಪರದೆ ಹೇಳಿತು. ನಾನೂ ಬೀಗುತ್ತಾ ಒಂದು ಬನ್ನು ತಿಂದು ಮನೆಗೆ ಹೋದೆ.

ಮರುದಿನ ಫೋನಿನ ಹಾಡು ಕೇಳಿ ಬೇಯಿಸಿದ ಬ್ರೆಡ್ಡುಗಳು ಹೋಟೆಲಿನಿಂದ ವಾಪಸ್ ಬಂದವು. ನಡುವೆಲ್ಲ ಹಸಿ ಹಿಟ್ಟು. "ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆ ಕಡೆ ತಗೋತೀನಿ" ಎಂದ ಹೋಟೆಲಿನವನು. ಬೇಕರಿ ನಿಂತಿರುವುದೇ ಅವನ ವ್ಯಾಪಾರದಿಂದ.

ಮಾವ ಮುಂದಿನ ಬ್ರೆಡ್ಡನ್ನು ಒಲೆಗೆ ಹಾಕಿ, ಹಳೇ ಕಂಪ್ಯೂಟರಿನಲ್ಲೇ ಹಾಡು ಹಚ್ಚಿದರು. ಅಷ್ಟರಲ್ಲಿ ನಾನು ಕೇಬಲ್ ಬದಲಿಸಿದೆ, ಫೋನಿನಲ್ಲಿ ಜಾಗ ಮಾಡಿದೆ, ಮತ್ತೆ ಸಿಂಕ್ ಕೊಟ್ಟೆ. ಕೊನೆಯ ಹಾಡು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಯಾವುದೋ ಕಾಲದ ರೆಕಾರ್ಡಿಂಗ್ ಅದು. ಆ ಬಗೆಯ ಫೈಲನ್ನು ಗುರುತಿಸಲಾಗದ ಫೋನು ಪಿಟ್ಟೆನ್ನದೆ ಅದನ್ನು ಕೈಬಿಟ್ಟಿತ್ತು.

"ಮಾವ, ಕೊನೇ ಹಾಡು ಬಂದಿಲ್ಲ ಅಂತ ನಿಮಗೆ ಗೊತ್ತಾಗಲಿಲ್ವಾ?"

ಮಾವ ಗಲ್ಲಾದ ಕಡೆ ಕಳ್ಳನೋಟ ಬೀರಿದರು. "ಮೆಲ್ಲಗೆ ಮಾತಾಡೇ! ಗೊತ್ತಾಯ್ತು. ಮನಸ್ಸಲ್ಲೇ ಹಾಡ್ಕೊಂಡೆ. ಬೇಗ ಮುಗಿದುಹೋಯ್ತು."

ಆ ಹೊತ್ತಿಗೆ ಕಂಪ್ಯೂಟರಿನಲ್ಲಿ ಕೊನೆಯ ಹಾಡಿನ ಸರದಿ ಬಂತು. ಅಂಥ ಗುಟ್ಟೇನಪ್ಪಾ ಎಂದು ಹೆಡ್‌ಫೋನ್ ತಂತಿ ಕಿತ್ತೆ. ಬೇಕರಿ ತುಂಬ ಎಳೆಯ ಹೆಂಗಸಿನ ದನಿ, ಹಿಂದೆ ಪಾತ್ರೆ ತೊಳೆಯುವ ಸದ್ದು. ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಿದ್ದ ಕೈ ನಿಂತಿತು.

"ರೀ! ಮದುವೆಯಾದ ಹೊಸದರಲ್ಲಿ ನನ್ನ ಹಾಡನ್ನ ಕದ್ದು ರೆಕಾರ್ಡ್ ಮಾಡಿದ್ರಲ್ಲ, ಅದೇ ತಾನೇ? ಅಳಿಸಿಬಿಟ್ಟೆ ಅಂದಿದ್ರಿ!"

ಅದೇ ಕ್ಷಣಕ್ಕೆ ಕಂಪ್ಯೂಟರ್ ಆರಿಹೋಯಿತು. ಹಾಡು ಅರ್ಧಕ್ಕೇ ನಿಂತಿತು. ಒಲೆಯಲ್ಲಿ ಹೋಟೆಲಿನ ಬ್ರೆಡ್ಡು. ಮಾವನ ಕೈ ಒಲೆಯ ಬಾಗಿಲ ಮೇಲೆ, ಕಣ್ಣು ಅತ್ತೆಯ ಮೇಲೆ.

"ನಾಚಿಕೆ ಇಲ್ದೋರು" ಎಂದು ಬೈದ ಅತ್ತೆ, ನಿಂತಲ್ಲಿಂದಲೇ ಹಾಡನ್ನು ಎತ್ತಿಕೊಂಡರು. ದನಿ ಒರಟಾಗಿತ್ತು, ಆದರೆ ಒಂದು ಪದವೂ ಮರೆತಿರಲಿಲ್ಲ. ಅವರು ಮುಗಿಸಿದಾಗ ಮಾವ ಬಾಗಿಲು ತೆಗೆದರು. ಅಚ್ಚುಗಳಲ್ಲಿ ಬ್ರೆಡ್ಡು ಕೆಂಪಗೆ ಉಬ್ಬಿ ಕೂತಿತ್ತು. ಹೋಟೆಲಿನವನು ಒಂದನ್ನು ಮುರಿದು ನೋಡಿ, ಎಲ್ಲವನ್ನೂ ಒಯ್ದ.

ಆಮೇಲೆ ನಾನು ಆ ಫೈಲನ್ನು ಫೋನಿಗೆ ಒಗ್ಗುವ ಹಾಗೆ ಬದಲಾಯಿಸಿ ಹಾಕಿಕೊಟ್ಟೆ. ಈಗ ಪಟ್ಟಿ ಪೂರ್ತಿ ಇದೆ. ಆದರೂ ಕೊನೆಯ ಹಾಡಿನ ಸರದಿ ಬಂದಾಗ ಮಾವ ಫೋನು ನಿಲ್ಲಿಸಿ, ಹೆಡ್‌ಫೋನ್ ತೆಗೆದು ಗಲ್ಲಾದ ಕಡೆ ತಿರುಗುತ್ತಾರೆ. ಅತ್ತೆ ಈಗ ಮೊದಲಿಗಿಂತ ನಿಧಾನವಾಗಿ ಹಾಡುತ್ತಾರೆ. ನಮ್ಮ ಬ್ರೆಡ್ಡಿನ ಬಣ್ಣ ಸ್ವಲ್ಪ ಗಾಢವಾಗಿದೆ, ಗಿರಾಕಿಗಳು ಅದನ್ನೇ ಕೇಳಿ ಒಯ್ಯುತ್ತಾರೆ.