ಒಂದೇ ಡಿಸ್ಕಿನಲ್ಲಿ ಎರಡು ಭಂಡಾರ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಉತ್ತರ ಕರ್ನಾಟಕದಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿದ್ದ ನಾನು ಅಲ್ಲಿ ಲಿನಕ್ಸ್ ಪಾಠ ಮಾಡುತ್ತಿದ್ದೆ. ಲ್ಯಾಬ್ ನೋಡಿಕೊಳ್ಳುತ್ತಿದ್ದವರು ವನಿತಾ ಮೇಡಂ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವರಿಗೆ ಕೋಪ ಬಂದದ್ದನ್ನು ಕಂಡವರಿಲ್ಲ.

ಅವರು ಬೆಂಗಳೂರಿನದೇ ಜರಗನಹಳ್ಳಿಯವರು. ಅವರಪ್ಪ ಮೂವತ್ತು-ನಲವತ್ತರ ಸೈಟಿನಲ್ಲಿ ಐದು ಬಾಡಿಗೆ ಮನೆ ಕಟ್ಟಿ, ಮೆಟ್ಟಿಲ ಕೆಳಗಿನ ಸಂದಿಯಲ್ಲೂ ಒಬ್ಬ ಟೈಲರನ್ನು ಕೂರಿಸಿದ್ದರು. ಜಾಗ ಹೊಂದಿಸುವುದನ್ನು ಮಗಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

2004ರಲ್ಲಿ ನಮ್ಮ ಇಂಟರ್ನೆಟ್ ಲೈನು ಆಮೆಗೆ ಅಣ್ಣ. ಲಿನಕ್ಸ್ ತಂತ್ರಾಂಶಗಳೋ ಪ್ಯಾಕೇಜುಗಳೆಂಬ ಸಾವಿರಾರು ಕಟ್ಟುಗಳಾಗಿ ಬರುತ್ತವೆ. ಅದಕ್ಕೇ ಮೇಡಂ ಆಗಾಗ ಡಿಸ್ಕ್ ಬಿಚ್ಚಿಕೊಂಡು, ವೇಗದ ಲೈನಿದ್ದ ಕಾಲೇಜೊಂದಕ್ಕೆ ಬಸ್ಸಿನಲ್ಲಿ ಹೋಗಿ, ಇಡೀ ಭಂಡಾರದ ನಕಲನ್ನು ತುಂಬಿಸಿಕೊಂಡು ಬರುತ್ತಿದ್ದರು. ಇದಕ್ಕೆ ಮಿರರ್ ಎನ್ನುತ್ತಿದ್ದೆವು. ಲ್ಯಾಬಿನ ಎಲ್ಲ ಕಂಪ್ಯೂಟರುಗಳೂ ಬೇಕಾದ್ದನ್ನು ಅದರಿಂದಲೇ ಪಡೆಯುತ್ತಿದ್ದವು.

ಆ ವರ್ಷ ಹೊಸ ಆವೃತ್ತಿ ಬಂತು. ಹೊಸ ಬ್ಯಾಚಿಗೆ ಅದು ಬೇಕು. ಹಳೆಯ ಬ್ಯಾಚಿನ ಮೂವತ್ತು ಜನರಿಗೆ ಸೋಮವಾರದ ಪ್ರಾಕ್ಟಿಕಲ್ ಪರೀಕ್ಷೆ ಹಳೆಯದರ ಮೇಲೆಯೇ. ಅವರಲ್ಲಿ ಅರ್ಧ ಜನ ಸರ್ಟಿಫಿಕೇಟ್ ಸಿಕ್ಕರೆ ಕೆಲಸ ಎಂದು ಕಾದಿದ್ದವರು. ಇದ್ದದ್ದು ನಲವತ್ತು ಜಿಬಿಯ ಒಂದೇ ಡಿಸ್ಕು. ಅದರ ಮುಕ್ಕಾಲು ಭಾಗ ಹಳೆಯದರಿಂದಲೇ ತುಂಬಿತ್ತು. ಮ್ಯಾನೇಜರ್ ರಾಮಪ್ರಸಾದ ಸಾರ್ ಇನ್ನೊಂದು ಡಿಸ್ಕ್ ಆಗುವುದಿಲ್ಲವೆಂದರು. ಎರಡೂ ಹಿಡಿಸದಿದ್ದರೆ ಹಳೆಯದನ್ನು ಅಳಿಸಿ, ಪರೀಕ್ಷೆ ರದ್ದು ಮಾಡಿ ಎಂದರು.

ಮೇಡಂ ಮೊದಲು ನಾವು ಕಣ್ಣಲ್ಲೂ ಕಾಣದ ಜಾತಿಯ ಕಂಪ್ಯೂಟರುಗಳ ಪ್ಯಾಕೇಜುಗಳನ್ನೆಲ್ಲ ತೆಗೆದರು. ಆಮೇಲೆ ಕಾಲೇಜಿಗೆ ಹೋಗಿ ಹೊಸದರ ಪಟ್ಟಿಯೊಡನೆ ಹೋಲಿಸಿ ನೋಡಿದರೆ, ಹಳೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಯಾಕೇಜುಗಳು ಹೊಸದರಲ್ಲೂ ಚೂರೂ ಬದಲಾಗದೆ ಇದ್ದವು. ಲಿನಕ್ಸಿನಲ್ಲಿ ಒಂದೇ ಫೈಲಿಗೆ ಎರಡು ಕಡೆ ಹೆಸರು ಕೊಡಬಹುದು. ಮೇಡಂ ಫೈಲನ್ನು ಒಂದೇ ಇಟ್ಟು, ಎರಡೂ ಫೋಲ್ಡರಿನಲ್ಲಿ ಅದರ ಹೆಸರು ಬರೆಸಿದರು. ಶುಕ್ರವಾರ ಸಂಜೆಗೆ ಎರಡೂ ಭಂಡಾರ ಹಿಡಿಸಿ ಮೂರು ಜಿಬಿ ಮಿಕ್ಕಿತ್ತು.

ಈ ಉಪಾಯ ನನಗೆ ಗೊತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ನೋಡುತ್ತೇನೆ, ಒಂದೇ ಸರಕನ್ನು ಎರಡು ಕಡೆ ಪೇರಿಸಿದ್ದಾರೆ! ಜಾಗಕ್ಕೆ ಇಷ್ಟು ಪರದಾಡುವಾಗ ಇದೆಂಥ ದಂಡ ಎಂದು ತಲೆ ಕೆಟ್ಟಿತು. ಉಪಕಾರ ಮಾಡುವ ಹುರುಪಿನಲ್ಲಿ ಹಳೆಯ ಫೋಲ್ಡರಿನಿಂದ ಅಂಥವನ್ನೆಲ್ಲ ಅಳಿಸಿದೆ. ಸಾವಿರಗಟ್ಟಲೆ ಫೈಲು ಹೋದರೂ ಖಾಲಿ ಜಾಗ ಒಂದು ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಅಷ್ಟರಲ್ಲಿ ಅಭ್ಯಾಸಕ್ಕೆ ಕೂತ ಹಳೆಯ ಬ್ಯಾಚಿನವರ ಪರದೆಗಳಲ್ಲೆಲ್ಲ ಪ್ಯಾಕೇಜ್ ಸಿಗುತ್ತಿಲ್ಲವೆಂಬ ದೂರು ಶುರುವಾಯಿತು. ಆ ಮೂವತ್ತು ಜನರ ಮುಖ ನೋಡಲಾಗಲಿಲ್ಲ.

“ಮೇಡಂ, ತಪ್ಪಾತ್ರಿ. ಡಬಲ್ ಇದ್ದದ್ದನ್ನ ನಾನೇ ಅಳಿಸೀನ್ರಿ” ಎಂದೆ.

ಮೇಡಂ ಪರದೆಯತ್ತ ಬಗ್ಗಿ ನೋಡಿ ನಕ್ಕುಬಿಟ್ಟರು.

“ನಂಗೆ ಮನೇಲಿ ನಮ್ಮಜ್ಜಿ ಹೆಸ್ರು, ಸಪ್ಪಲಮ್ಮ. ಸ್ಕೂಲ್ ರಿಜಿಸ್ಟರಲ್ಲಿ ವನಿತಾ. ಒಂದು ಹೆಸ್ರು ಹೊಡೆದಾಕಿದ್ರೆ ನಾನೇನು ಸತ್ತೋಗ್ತೀನಾ ಸಾರ್?”

ನಾನು ಅಳಿಸಿದ್ದು ಬರೀ ಹೆಸರುಗಳನ್ನು. ಫೈಲುಗಳು ಹೊಸ ಫೋಲ್ಡರಿನ ಹೆಸರಿನಲ್ಲಿ ಕ್ಷೇಮವಾಗಿದ್ದವು. ಹಳೆಯ ಭಂಡಾರದ ಪಟ್ಟಿ ನೋಡಿಕೊಂಡು ಮೇಡಂ ಕಾಲು ಗಂಟೆಯಲ್ಲಿ ಎಲ್ಲ ಹೆಸರನ್ನೂ ಮತ್ತೆ ಬರೆಸಿದರು. ಲಿನಕ್ಸ್ ಪಾಠ ಹೇಳುವ ನಾನು ಪಕ್ಕದಲ್ಲಿ ಕೈಕಟ್ಟಿ ನಿಂತು ಕಲಿತೆ.

ಸೋಮವಾರ ಮೂವತ್ತು ಜನರೂ ಪರೀಕ್ಷೆ ಮುಗಿಸಿದರು. ಸಂಜೆ ರಾಮಪ್ರಸಾದ ಸಾರ್ ಲ್ಯಾಬಿಗೆ ಬಂದು ಮೇಡಂ ಅವರನ್ನು ಹೊಗಳಿ, ಇನ್ನು ಡಿಸ್ಕಿನ ಮಾತೇ ಬೇಡವಲ್ಲ ಎಂದು ಹಿಗ್ಗಿದರು.

“ಈಗ್ಲೇ ಬೇಕಾಗಿರೋದು ಸಾರ್” ಎಂದರು ಮೇಡಂ. “ಹೆಸ್ರು ಎರಡಿದ್ರೂ ಇರೋದು ಒಂದೇ. ಡಿಸ್ಕ್ ಕೆಟ್ರೆ ಎರಡು ಭಂಡಾರಾನೂ ಒಟ್ಟಿಗೆ ಹೋಗುತ್ತೆ.”

ಸಾರ್ ನನ್ನ ಮುಖ ನೋಡಿದರು. ಶನಿವಾರದ ಎಡವಟ್ಟನ್ನು ಎರಡು ದಿನ ಅವರಿಂದ ಮುಚ್ಚಿಟ್ಟಿದ್ದವನಿಗೆ ಇನ್ನು ತಡೆಯಲಾಗಲಿಲ್ಲ.

“ತರಿಸ್ರಿ ಸರ್. ನನ್ನಂಥಾವ್ರು ಇರೋ ಲ್ಯಾಬ್ ಐತಿ ಇದು.”

ಗುರುವಾರ ಹೊಸ ಡಿಸ್ಕ್ ಬಂತು.