ಒಂದಿಂಚಿನ ಮೊಳೆ

ಬೇಲಿ ಬಿದ್ದದ್ದು ಗಾಳಿಯಿಂದಲ್ಲ. ಇಮಾಮಕಾಕಾ ಮೋಸ ಮಾಡಿದ್ದರಿಂದಲೂ ಅಲ್ಲ. ನಾನು ಬೇಕೆಂದೇ ಗಿಡ್ಡ ಮೊಳೆ ಆರಿಸಿ ತಂದೆ — ಅದಕ್ಕೇ ಬಿತ್ತು. ಇಷ್ಟು ಬರೆಯಲು ನನಗೆ ಅರವತ್ತು ವರ್ಷ ಹಿಡಿಯಿತು, ಮೆಹರೂ.

ಆಗ ನನಗೆ ಹದಿಮೂರು. ಧಾರವಾಡದಲ್ಲಿ ನಮ್ಮ ಹಿತ್ತಲೂ ನಿಮ್ಮ ಹಿತ್ತಲೂ ಬೆನ್ನಿಗೆ ಬೆನ್ನು ಹಚ್ಚಿದ್ದವು, ನಡುವೆ ಕಳ್ಳಿಸಾಲು. ಅದರಲ್ಲೊಂದು ಕಂಡಿ — ನಮ್ಮ ಮೈ ಹಿಡಿಯುವಷ್ಟೇ ಅಗಲ. ನಾನು ಕಾನ್ವೆಂಟಿನಿಂದ ಬಂದು ಶೂಸ್ ಬಿಚ್ಚುವುದರೊಳಗೆ ನೀನು ನುಸುಳಿ ಬಂದು ಪೇರಲ ಗಿಡದ ಕೆಳಗೆ ಕೂತಿರುತ್ತಿದ್ದೆ. ನಿನ್ನನ್ನು ಸಾಲಿ ಬಿಡಿಸಿದ್ದರು. ಅಂದು ಕಲಿತದ್ದನ್ನು ನಾನು ನಿನಗೆ ಕಲಿಸುತ್ತಿದ್ದೆ. ನೀನು ನಮ್ಮ ಸಿಸ್ಟರ್‌ಗಳ ನಡಿಗೆಯನ್ನು, ನೋಡದೆಯೇ, ಅಣಕಿಸಿ ತೋರಿಸುತ್ತಿದ್ದೆ. ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಒಡಹುಟ್ಟಿದವರಿಲ್ಲ. ಆ ಒಂದು ತಾಸು — ಅದೇ ನನ್ನ ಇಡೀ ದಿನ.

ನಿಮ್ಮ ಹಿತ್ತಲ ಆಡುಗಳೂ ಅದೇ ಕಂಡಿಯಿಂದ ಬಂದು ಅಮ್ಮ ನೆಟ್ಟ ಗುಲಾಬಿಗೆ ಬಾಯಿ ಹಾಕಿದವು. ಪಪ್ಪಾ ಕಳ್ಳಿ ಕಡಿಸಿ, ಹಲಗೆಯ ಫೆನ್ಸ್ ಹಾಕುತ್ತೇನೆಂದರು — ಬಡಿಗನನ್ನು ಕರೆಯದೆ, ಸ್ವಂತ ಕೈಯಿಂದ. ಮಾಸ್ತರರು ಅವರು, ಸೀಮೆಸುಣ್ಣ ಬಿಟ್ಟು ಬೇರೇನೂ ಹಿಡಿದ ಕೈಯಲ್ಲ. ಒಂದು ಇಂಗ್ಲಿಷ್ ಪುಸ್ತಕ ತಂದು ಅಂಡರ್‌ಲೈನ್ ಮಾಡಿ ಓದಿದರು. ಕಂಬ ನಿಂತವು. ಮೊಳೆ ತರಲು ನನ್ನನ್ನು ನಿಮ್ಮ ಅಬ್ಬಾ ಇಮಾಮಕಾಕಾನ ಕಬ್ಬಿಣದ ಅಂಗಡಿಗೆ ಕಳಿಸಿದರು. ಯಾವುದು ಬೇಕೋ ಇಮಾಮಸಾಹೇಬರನ್ನೇ ಕೇಳು, ಅವರು ಕೊಟ್ಟದ್ದನ್ನು ತಾ, ಎಂದರು.

“ಬರ್ರಿ ಮೇಡಂ, ಬರ್ರಿ. ಇನ್ನ ನಮ್ಮ ಕಬ್ಬಿಣಾನೂ ಇಂಗ್ಲಿಷ್ ಮಾತಾಡತೈತಿ,” ಎಂದರು ಕಾಕಾ — ನನ್ನನ್ನು ಕಂಡಾಗಲೆಲ್ಲ ಅದೇ ಚೇಷ್ಟೆ. ಹಲಗೆಯ ದಪ್ಪ ಕೇಳಿ, ಎರಡೂವರೆ ಇಂಚಿನ ಮೊಳೆ ಎತ್ತಿ ತೋರಿಸಿದರು. ಹಲಗೆ ದಾಟಿ ಅದರ ಎರಡು ಪಟ್ಟು ಕಂಬದೊಳಗೆ ಹೋಗಬೇಕು. ಸತುವಿನ ಲೇಪ ಇರಬೇಕು, ಇಲ್ಲದಿದ್ದರೆ ಮಳೆಗೆ ತುಕ್ಕು ತಿನ್ನುತ್ತದೆ, ಎಂದರು. ನಾನು ಅವನ್ನೂ ಕಟ್ಟಿಸಿ, ಒಂದಿಂಚಿನ ಮೊಳೆಗಳ ಡಬ್ಬಿಯತ್ತ ಕೈ ತೋರಿಸಿದೆ. ಪೇರಲ ಗಿಡದ ಹಿಂದಿನ ಎರಡೇ ಎರಡು ಹಲಗೆಗೆ — ನೀನು ದೂಡಿದರೆ ಸರಿಯಬೇಕು, ಅಷ್ಟೇ ನನ್ನ ಆಸೆ.

“ಬೇಟಿ, ಇವು ಫೋಟೋ ತೂಗಹಾಕೋ ಮೊಳಿ. ಬೇಲಿಗೆ ಬ್ಯಾಡ.”

ಪಪ್ಪಾನ ಪುಸ್ತಕದಲ್ಲಿ ಹೀಗೇ ಬರೆದಿದೆ ಎಂದೆ. ಇಂಗ್ಲಿಷ್ ಪುಸ್ತಕ, ಎಂದೆ. ಕಾಕಾ ಡಬ್ಬಿ ಕೆಳಗಿಳಿಸಿದರು. ಹುಟ್ಟಿದಾಗಿನಿಂದ ಕಬ್ಬಿಣ ಮುಟ್ಟಿದ ಕೈ, ಕಣ್ಣಿಂದ ಕಾಣದ ಒಂದು ಪುಟಕ್ಕೆ ಸೋತಿತು. ಕಟ್ಟಿಕೊಟ್ಟರು, ಕೊಸರೆಂದು ಮೇಲೆ ನಾಲ್ಕು ಸ್ಕ್ರೂ ಹಾಕಿದರು.

ಉದ್ದ ಮೊಳೆಗಳು ಪಪ್ಪಾನ ಸುತ್ತಿಗೆಗೆ ಬಾಗಿದವು. ಹೆಬ್ಬೆರಳು ಜಜ್ಜಿತು. ಗಿಡ್ಡದೊಂದನ್ನು ಎತ್ತಿ, ಇವು ನಡೆಯುತ್ತವೇನು ಎಂದು ಕೇಳಿದರು. ಆಗಲಾದರೂ ನಿಜ ಹೇಳಬಹುದಿತ್ತು — ಇಲ್ಲ. ಕಾಕಾ ನಡೀತಾವ ಅಂದಾರ, ಎಂದೆ. ಇಡೀ ಸಾಲಿಗೆ ಅವನ್ನೇ ಬಡಿದರು. ಸಾಲದ್ದಕ್ಕೆ ಮತ್ತೆ ನಾನೇ ಓಡಿ ತಂದೆ.

ಹದಿನೈದು ದಿನ ನೀನು ಆ ಎರಡು ಹಲಗೆ ಸರಿಸಿ ಬಂದೆ. ನನ್ನ ಬದುಕಿನಲ್ಲಿ ಅಂಥ ಹದಿನೈದು ದಿನ ಮತ್ತೆ ಬರಲಿಲ್ಲ.

ಮೊದಲ ಅಡ್ಡಮಳೆಗೆ ಫೆನ್ಸ್ ಅಂಗಾತ ಬಿತ್ತು. ಗುಲಾಬಿಯನ್ನು ಆಡುಗಳು ಬುಡದವರೆಗೆ ತಿಂದಿದ್ದವು. ಪಪ್ಪಾ ಬಹಳ ಹೊತ್ತು ಆ ಬುಡದ ಮುಂದೆ ಕೂತಿದ್ದು, ನನ್ನ ಕೈ ಹಿಡಿದು ಅಂಗಡಿಗೆ ನಡೆದರು. ಅಲ್ಲಿ ನಾಲ್ಕಾರು ಗಿರಾಕಿಗಳಿದ್ದರು.

“ನಂಬಿ ಕಳಿಸಿದ್ದೆ ಸಾಹೇಬ್ರ. ಕೂಸಿನ ಕಣ್ಣಾಗ ಮಣ್ಣು ಹಾಕಿದ್ರಿ.”

ಕಾಕಾ ನನ್ನನ್ನು ನೋಡಿದರು. ಸಾಕಷ್ಟು ಹೊತ್ತು ಕೊಟ್ಟರು. ನಾನು ತಕ್ಕಡಿಯನ್ನು ನೋಡುತ್ತ ನಿಂತೆ.

“ತಪ್ಪಾತ್ರಿ ಮಾಸ್ತರ,” ಎಂದರು. “ನಾನ ಬ್ಯಾಡ ಅನ್ನಬೇಕಿತ್ತು.”

ಅಂದಿದ್ದರು. ಅಂದಿದ್ದರು ಅವರು.

ನಮ್ಮ ಚರ್ಚಿನವರೆಲ್ಲ ಆ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಪಪ್ಪಾ ಹುಬ್ಬಳ್ಳಿಯಿಂದ ಸ್ಕ್ರೂ ತರಿಸಿ, ಬಡಿಗನಿಂದ ಬಿಗಿಸಿದರು. ಒಂದು ಬೆರಳೂ ಹೋಗದ ಫೆನ್ಸ್. ಅದರ ಆಚೆಯಿಂದ ಒಂದು ಸಂಜೆ ನಿನ್ನ ದನಿ ಬಂತು — “ಗ್ರೇಸಿ, ನಮ್ಮ ಅಬ್ಬಾ ಖರೇನ ಮೋಸ ಮಾಡಿದ್ರೇನ?”

ಹಲಗೆಗೆ ಹಣೆ ಹಚ್ಚಿ ನಿಂತಿದ್ದೆ ನಾನು. ನಿನ್ನ ಉಸಿರು ಕೇಳುತ್ತಿತ್ತು.

“ನಂಗ ಗೊತ್ತಿಲ್ಲ,” ಎಂದೆ.

ನಿನ್ನ ಬಳೆಗಳ ಸಪ್ಪಳ ದೂರವಾಯಿತು. ಆ ವರ್ಷವೇ ನಿನ್ನನ್ನು ಅಮ್ಮಿನಬಾವಿಗೆ ಕೊಟ್ಟರು. ಮದುವೆಯ ವಾದ್ಯವನ್ನು ನಾನು ಪೇರಲ ಗಿಡದ ಕೆಳಗೆ ನಿಂತು ಕೇಳಿದೆ.

ಪಪ್ಪಾ ಹಾಗೇ ನಂಬಿಕೊಂಡು ಹೋದರು. ಕಾಕಾ ಯಾರಿಗೂ ಹೇಳದೆ ಹೋದರು. ನಾನು ಟೀಚರ್ ಆದೆ. ಎಷ್ಟೋ ವರ್ಷ ಬೋರ್ಡಿನ ಮೇಲೆ ‘ಆನೆಸ್ಟಿ ಈಸ್ ದ ಬೆಸ್ಟ್ ಪಾಲಿಸಿ’ ಎಂದು ದುಂಡಗೆ ಬರೆದೆ, ಮಕ್ಕಳಿಂದ ಬರೆಸಿದೆ. ಯಾವ ಹುಡುಗಿ ಸಿಸ್ಟರ್ ನಡಿಗೆಯ ಅಣಕ ಮಾಡಿದರೂ ಬೈಯಲಾಗುತ್ತಿರಲಿಲ್ಲ ನನಗೆ — ಆಚೆ ತಿರುಗಿ ನಿಲ್ಲುತ್ತಿದ್ದೆ.

ನಿನ್ನ ಮನೆಮಂದಿ ಇನ್ನೂ ಅಮ್ಮಿನಬಾವಿಯಲ್ಲೇ ಇದ್ದಾರಂತೆ. ಈ ಹಾಳೆಗಳನ್ನು ಹಿಡಿದು ನಾಳೆ ಬರುತ್ತೇನೆ. ನೀನಿದ್ದರೆ ನಿನಗೆ, ಇಲ್ಲದಿದ್ದರೆ ನಿನ್ನ ಮಕ್ಕಳಿಗೆ ಓದಿ ಹೇಳುತ್ತೇನೆ. ಅವರು ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ —

ಗೊತ್ತಿತ್ತು, ಮೆಹರೂ. ನಿಮ್ಮ ಅಬ್ಬಾ ಬ್ಯಾಡ ಅಂದಿದ್ರು.