ಮೋಡ ನೋಡುತ್ತ ನಿಂತ ಭಾನುವಾರ

ಕಳಸದ ಕೆಳಗೆ ಭದ್ರೆ ತಿರುಗುವ ಜಾಗದಿಂದ ಹಳೆಯ ತೂಗುಸೇತುವೆಯವರೆಗೆ ಸುಮಾರು ಒಂದೂವರೆ ಮೈಲಿ ದಡವಿದೆ. ಪ್ರವಾಸಿಗಳು ಅಲ್ಲಿಗೆ ಬರುವುದಿಲ್ಲ. ಅಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ನಮ್ಮೂರಿನವರೇ ಅವರನ್ನು ಬೇರೆ ಕಡೆ ಕಳಿಸುತ್ತಾರೆ. ಏಳು ವರ್ಷಗಳಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ಸಂಜೆ ನಾನು ಅಲ್ಲಿರುತ್ತೇನೆ, ಕೊರಳಿಗೆ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೇತುಹಾಕಿಕೊಂಡು.

ನನಗಿರುವುದು ನಾಲ್ಕು ಎಕರೆ ಕಾಫಿ ತೋಟ. ಇವನಿಗೆ ಈ ಶೋಕಿ ಯಾಕೆ ಎಂದು ಕೇಳದವರು ಊರಿನಲ್ಲಿ ಉಳಿದಿಲ್ಲ. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಕಾರಣವಿಲ್ಲದೆ ಸುಮ್ಮನೆ ನಡೆಯುವುದು ನನ್ನಿಂದಾಗದ ಕೆಲಸ, ಆದ್ದರಿಂದ ಒಂದು ಕಾರಣ ಕೊಂಡುಕೊಂಡೆ. ಫೋಟೋಗಳ ವಿಷಯ ಕೇಳಬೇಡಿ. ಮಿಂಚುಳ್ಳಿ ಈಗಷ್ಟೇ ಹಾರಿಹೋದ ಕೊಂಬೆಗಳ ಒಳ್ಳೆಯ ಸಂಗ್ರಹ ನನ್ನಲ್ಲಿದೆ. ನೀರುನಾಯಿ ಮುಳುಗಿದ ಮೇಲಿನ ನೀರೂ ಬೇಕಾದಷ್ಟಿದೆ. ಆದರೂ ಆ ದಡಕ್ಕೆ ನಾನು ಋಣಿ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಗಳ ನಡುವೆ ಒಂದೆರಡು ತಾಸು ಕೂತು ಬಂದರೆ ಇಡೀ ವಾರ ಮನೆಯಲ್ಲಿ ಯಾರ ಮೇಲೂ ರೇಗುವುದಿಲ್ಲ. ಇದನ್ನು ನನ್ನ ಹೆಂಡತಿಯೇ ಒಪ್ಪುತ್ತಾಳೆ.

ಒಪ್ಪದಿದ್ದವರು ಪಕ್ಕದ ತೋಟದ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಯಜಮಾನರಿಗೆ ಪೇಟೆಯಲ್ಲಿ ಜೀಪು ರಿಪೇರಿ ಗ್ಯಾರೇಜು ಇದೆ. ಇಲ್ಲಿನ ಮೂರು ಎಕರೆಯನ್ನು ಅಕ್ಕ ಒಬ್ಬರೇ ನೋಡಿಕೊಳ್ಳುತ್ತಾರೆ. ಕಾಫಿ ಒಣಗಿಸುವ ನಮ್ಮ ಎರಡು ಕಣಗಳ ನಡುವೆ ಮೊಣಕಾಲೆತ್ತರದ ಒಂದು ಕಟ್ಟೆ ಮಾತ್ರ. ಭಾನುವಾರ ನಾನು ಬೈಕು ತೆಗೆಯುವುದನ್ನು ಕಂಡರೆ ಅವರು ಕಟ್ಟೆಯ ಆಚೆಯಿಂದ ಕೇಳುತ್ತಿದ್ದರು: "ಇವತ್ತೂ ಹೊಳೆ ಫೋಟೋನಾ? ಹೋದ ವಾರದ ಹೊಳೆಯೇ ಅಲ್ವಾ ಮಾರಾಯ್ರೆ ಅದು?"

ಹೋದ ಜನವರಿಯಲ್ಲಿ ನನ್ನ ಅರೇಬಿಕಾ ಪೂರ್ತಿ ಕಣದಲ್ಲಿತ್ತು. ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸುವ ಬೀಜಕ್ಕೆ ನಾವು ಪಾರ್ಚ್‌ಮೆಂಟ್ ಎನ್ನುತ್ತೇವೆ. ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಅದು ಚೆರಿ. ಒಣಗುತ್ತಿರುವ ಪಾರ್ಚ್‌ಮೆಂಟಿಗೆ ಮಳೆ ತಾಗಿದರೆ ಬಣ್ಣವೂ ಹೋಯಿತು, ವಾಸನೆಯೂ ಹೋಯಿತು, ವರ್ಷದ ದುಡಿಮೆಯೂ ಹೋಯಿತು. ಆದ್ದರಿಂದ ಕೊಯ್ಲಿನ ಕಾಲದಲ್ಲಿ ಕಣ ಬಿಟ್ಟು ಹೋಗುವವನು, ಪಕ್ಕದ ಮನೆಗೆ ಕಾಫಿ ಕುಡಿಯಲು ಹೋದರೂ, ರಾಶಿ ಮಾಡಿ ಟಾರ್ಪಾಲು ಮುಚ್ಚಿಯೇ ಹೋಗಬೇಕು. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಆ ಭಾನುವಾರ ಮಧ್ಯಾಹ್ನ ಒಂದು ಬೀಜ ಹಲ್ಲಿನಲ್ಲಿ ಕಡಿದು ನೋಡಿದೆ. ಇನ್ನೊಂದೇ ಬಿಸಿಲು ಬೇಕಿತ್ತು. ಆಳುಗಳು ಸಂತೆಗೆ ಹೋಗಿದ್ದರು, ಹೆಂಡತಿ ಚಿಕ್ಕಮಗಳೂರಿಗೆ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದಳು. ಆಕಾಶ ಉಜ್ಜಿ ತೊಳೆದಿಟ್ಟ ಹಾಗಿತ್ತು. ಈಗಲೇ ಮುಚ್ಚಿದರೆ ಎರಡು ಗಂಟೆಯ ಬಿಸಿಲು ದಂಡವಾಗುತ್ತದಲ್ಲ ಎಂದು ಲೆಕ್ಕ ಹಾಕಿ, ಹರವಿದ್ದನ್ನು ಹಾಗೆಯೇ ಬಿಟ್ಟು ಹೊಳೆಗೆ ಹೊರಟೆ. ಅತಿ ಬುದ್ಧಿವಂತಿಕೆ ಎಂದರೆ ಇದೇ.

ನಾಲ್ಕು ಗಂಟೆಯ ಹೊತ್ತಿಗೆ ಗುಡ್ಡದ ಹಿಂದಿನಿಂದ ಮೋಡ ಎದ್ದಿತು. ನೀಲಿಯೂ ಅಲ್ಲದ ಕಪ್ಪೂ ಅಲ್ಲದ ಬಣ್ಣ, ಅಂಚಿನಲ್ಲಿ ಮಾತ್ರ ಬಿಸಿಲು. ಕೆಳಗೆ ಹೊಳೆ ಪೂರ್ತಿ ತಾಮ್ರದ ಬಣ್ಣಕ್ಕೆ ತಿರುಗಿತು. ಜನವರಿಯಲ್ಲಿ ಅಂಥ ಮೋಡ ಕಂಡರೆ ಯಾವ ಬೆಳೆಗಾರನಾದರೂ ಮನೆಗೆ ಓಡಬೇಕು. ನಾನು ಟ್ರೈಪಾಡ್ ಬಿಚ್ಚಿದೆ. ಒಂದಾದ ಮೇಲೊಂದು ತೆಗೆಯುತ್ತಲೇ ಹೋದೆ. "ಬಾ, ಇನ್ನು ಸ್ವಲ್ಪ ಈಚೆ ಬಾ" ಎಂದು ಆ ಮೋಡವನ್ನು ನಾನೇ ಬಾಯಿಬಿಟ್ಟು ಕರೆದದ್ದು ಚೆನ್ನಾಗಿ ನೆನಪಿದೆ. ಏಳು ವರ್ಷದಲ್ಲಿ ಮೊದಲ ಸಲ ನನ್ನ ಮುಂದಿದ್ದದ್ದು ಹಾರಿಹೋಗದೆ ನಿಂತಿತ್ತು.

ಮೊದಲ ಹನಿ ಲೆನ್ಸಿನ ಮೇಲೆ ಬಿದ್ದಾಗ ಕಣ ನೆನಪಾಯಿತು.

ಬೈಕು ಹೇಗೆ ಓಡಿಸಿದೆನೋ ತಿಳಿಯದು. ದಾರಿಯುದ್ದಕ್ಕೂ ಮಳೆ ದಪ್ಪವಾಗುತ್ತಲೇ ಇತ್ತು. ನನ್ನ ಪಾರ್ಚ್‌ಮೆಂಟ್ ಚರಂಡಿಯಲ್ಲಿ ತೇಲಿಹೋಗುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಹೆಂಡತಿಗೆ ಏನು ಹೇಳಲಿ ಎಂದು ಯೋಚಿಸಿದೆ, ಒಂದು ಸುಳ್ಳೂ ಹೊಳೆಯಲಿಲ್ಲ.

ಗೇಟಿನಲ್ಲಿ ಬೈಕು ಬಿಟ್ಟು ಓಡಿದೆ. ಕಣದ ನಡುವೆ ಕಾಫಿ ರಾಶಿಯಾಗಿತ್ತು. ಮೇಲೆ ಟಾರ್ಪಾಲು, ಅಂಚಿಗೆಲ್ಲ ಕಲ್ಲು. ನನ್ನ ಹರಕು ಟಾರ್ಪಾಲಿನ ಮೇಲೆ ಇನ್ನೊಂದು ದೊಡ್ಡ ನೀಲಿ ಟಾರ್ಪಾಲು ಹೊದೆಸಿತ್ತು. ಅದು ನನ್ನದಲ್ಲ. ಕಟ್ಟೆಯ ಆಚೆ ನೋಡಿದೆ. ಅಕ್ಕನ ಚೆರಿ ಇನ್ನೂ ಹರವಿದ ಹಾಗೇ ಮಳೆಯಲ್ಲಿ ತೊಯ್ಯುತ್ತಿತ್ತು. ಸೆರಗು ತಲೆಗೆ ಅಂಟಿಸಿಕೊಂಡು ಅವರು ಒಬ್ಬರೇ ಅದನ್ನು ಎಳೆದು ಗುಡ್ಡೆ ಹಾಕುತ್ತಿದ್ದರು. ಕಟ್ಟೆ ಹಾರಿ ನಾನೂ ಕೈ ಹಚ್ಚಿದೆ. ಇದ್ದಬದ್ದ ಗೋಣಿಗಳನ್ನೆಲ್ಲ ಹೊದೆಸಿದ ಮೇಲೆ ಜಗಲಿಯಲ್ಲಿ ನಿಂತು ಕೇಳಿದೆ:

"ಅಕ್ಕ, ನಿಮ್ಮದನ್ನ ಬಿಟ್ಟು ಯಾಕೆ ನನ್ನದು ಮುಚ್ಚಿದ್ರಿ?"

"ನಂದು ಚೆರಿ. ಸಿಪ್ಪೆ ಉಂಟಲ್ಲ, ಒಂದು ಮಳೆ ತಡ್ಕೊಳ್ತದೆ. ನಿಮ್ದು ನಾಳೆ ಮೂಟೆ ಕಟ್ಟೋದು, ನೆಂದ್ರೆ ಮತ್ತೆಂಥ ಉಳೀತದೆ?" ಎಂದು ಅವರು ಸೆರಗು ಹಿಂಡಿಕೊಂಡರು.

ಚೆರಿ ಅವರು ಹೇಳಿದಂತೆ ತಡೆದುಕೊಳ್ಳಲಿಲ್ಲ. ಮುಂದಿನ ಮೂರು ದಿನ ಬಿಸಿಲೇ ಬರಲಿಲ್ಲ. ರಾಶಿಯ ನಡುವೆ ಬಿಳಿ ಬೂಷ್ಟು ಹಿಡಿಯಿತು. ನನ್ನ ಪಾರ್ಚ್‌ಮೆಂಟ್ ನಾಲ್ಕನೆಯ ದಿನದ ಬಿಸಿಲಿಗೆ ಒಣಗಿ, ಒಂದು ಬೀಜವೂ ಕೆಡದೆ ಮೂಟೆಗೆ ಹೋಯಿತು. ನಾನು ದಿನಾ ಬೆಳಿಗ್ಗೆ ಅಕ್ಕನ ಕಣಕ್ಕೆ ಹೋಗಿ ಚೆರಿ ತಿರುವಿಹಾಕಿ, ಕೆಟ್ಟದ್ದನ್ನು ಆರಿಸುತ್ತಿದ್ದೆ. ಅವರು ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಹಗುರವಾಗುತ್ತಿದ್ದೆ.

ಕ್ಯಾಮೆರಾ ಬೀರುವಿಗೆ ಸೇರಿತು. ನಾಲ್ಕು ಭಾನುವಾರ ಹೊಳೆಯ ಕಡೆ ತಲೆ ಹಾಕಲಿಲ್ಲ. ಐದನೆಯ ವಾರ ಚೆರಿ ಆರಿಸುತ್ತ ಕೂತಿದ್ದಾಗ ಅಕ್ಕನೇ ಕೇಳಿದರು: "ಹೊಳೆಗೆ ಹೋಗೋದು ಬಿಟ್ರಾ?"

"ಕ್ಯಾಮೆರಾ ಕೆಟ್ಟಿದೆ."

"ಸುಳ್ಳು ಹೇಳ್ಬೇಡಿ. ಆವತ್ತು ಎಂಥ ತೆಗೀತಾ ಕೂತಿದ್ರಿ ಅಷ್ಟೊತ್ತು?"

ಹೆಂಡತಿಗೂ ಹೇಳದ ಮಾತು ಅದು. ನೀರುನಾಯಿ ಎಂದುಬಿಡಬಹುದಿತ್ತು. ಆದರೆ ಕೈಯಲ್ಲಿ ಅವರ ಬೂಷ್ಟು ಹಿಡಿದ ಚೆರಿ ಇತ್ತು. "ಆ ಮೋಡಾನೇ ತೆಗೀತಿದ್ದೆ ಅಕ್ಕ" ಎಂದೆ.

ಅವರು ಕೈಯಲ್ಲಿದ್ದ ಚೆರಿ ಕೆಳಗೆ ಹಾಕಿ ಕೈ ಒರೆಸಿಕೊಂಡರು. ಆಮೇಲೆ, "ತನ್ನಿ, ನೋಡುವ" ಎಂದರು.

ತಂದು ಕೊಟ್ಟೆ. ಸೆರಗಿನ ನೆರಳು ಮಾಡಿಕೊಂಡು ಅವರು ಒಂದೊಂದೇ ಚಿತ್ರ ಸರಿಸುತ್ತ ಹೋದರು. ನಾನು ತಲೆ ತಗ್ಗಿಸಿ ಕಾಯುತ್ತಿದ್ದೆ. ಈಗಲಾದರೂ ಬೈಯುತ್ತಾರೆ ಅಂದುಕೊಂಡೆ.

"ಎಷ್ಟು ಚೆಂದ ಉಂಟು" ಎಂದರು ಅಕ್ಕ. "ಗಾಳಿ ಬಂದದ್ದೇ ನಾನು ಟಾರ್ಪಾಲ್ ಹಿಡ್ಕೊಂಡು ನಿಮ್ಮ ಕಣಕ್ಕೆ ಓಡಿದ್ದು. ಮೋಡ ನೋಡ್ಲೇ ಇಲ್ಲ ನಾನು."

ಥ್ಯಾಂಕ್ಸ್ ಎನ್ನುವುದು ನಮ್ಮ ಕಡೆ ಅಕ್ಕಪಕ್ಕದವರಿಗೆ ಹೇಳುವ ಮಾತಲ್ಲ, ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಆವತ್ತು ಹೇಳಿಬಿಟ್ಟೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೊದಲಿನಿಂದ ಇನ್ನೊಂದು ಸಲ ನೋಡುತ್ತಿದ್ದರು.